ಹಾಡು ರೆಕಾರ್ಡ್ ಮಾಡಲು ಹಳೆ ಡೆಸ್ಕ್‌ಟಾಪ್: ಐ7 ಸ್ಟಿಕ್ಕರ್‌ಗೆ ಮರುಳಾಗಬೇಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯ ಒಂದು ಕೋಣೆಯಲ್ಲಿ ಭಾವಗೀತೆ, ಭಾಗವತಿಕೆ ರೆಕಾರ್ಡ್ ಮಾಡುವ ಆಸೆ. ಎರಡು ಚಾನೆಲ್‌ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಇದೆ. ಶಿವಮೊಗ್ಗದಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ನೋಡಿ ಬಂದಿದ್ದೇನೆ. ಒಂದು ಐ7-6700, 16 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಇನ್ನೊಂದು ಐ5-8500, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಬೆಲೆ ಹೆಚ್ಚುಕಮ್ಮಿ ಒಂದೇ. ಯಾವುದು ತಗೊಳ್ಳಲಿ? ಏನೇನು ಪರೀಕ್ಷೆ ಮಾಡಲಿ?

ಉತ್ತರ: ಐ5-8500 ತಗೊಳ್ಳಿ. ಆ ಐ7 ಪ್ರೊಸೆಸರ್ ಆರನೇ ತಲೆಮಾರಿನದು, ಇರುವುದು 4 ಕೋರ್ (ಒಟ್ಟಿಗೆ ಲೆಕ್ಕ ಮಾಡುವ ಭಾಗಗಳು). ಈ ಐ5 ಎಂಟನೇ ತಲೆಮಾರಿನದು, 6 ಕೋರ್. ಅದಕ್ಕಿಂತ ಮುಖ್ಯವಾಗಿ, ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಐ7-6700 ಇಲ್ಲ, ಐ5-8500 ಇದೆ. ರ‍್ಯಾಮ್ ಆಮೇಲೂ ಹಾಕಿಸಬಹುದು. ಈಗ 8 ಜಿಬಿಯ ಒಂದೇ ಕಡ್ಡಿ ಇದ್ದರೆ, ಅಂಥದ್ದೇ ಇನ್ನೊಂದು ಸೇರಿಸಿದರೆ ಸಾಕು.

256 ಜಿಬಿ ಕಡಿಮೆಯಾಯಿತೇನೋ ಎಂಬ ಚಿಂತೆ ಬೇಡ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕ್‌ಗೆ ನಿಮಿಷಕ್ಕೆ ಸುಮಾರು 8.6 ಎಂಬಿ. ಎರಡು ಟ್ರ್ಯಾಕ್ ಒಂದು ಗಂಟೆ ಓಡಿದರೂ 1 ಜಿಬಿ ಆಸುಪಾಸು. ಮುಗಿದ ಕೆಲಸವನ್ನು ಹೊರಗಿನ ಡಿಸ್ಕ್‌ಗೆ ಹಾಕಿಡಿ.

ಅಂಗಡಿಗೆ ಹೋಗುವಾಗ ನಿಮ್ಮ ಇಂಟರ್‌ಫೇಸ್, ಹೆಡ್‌ಫೋನ್, ಒಂದು ಪೆನ್‌ಡ್ರೈವ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್) ಮತ್ತು ಲೇಟೆನ್ಸಿಮಾನ್ (ಧ್ವನಿ ತಡವರಿಸದೆ ಓಡುತ್ತದೆಯೇ ಎಂದು ನೋಡುವ ಸಾಫ್ಟ್‌ವೇರ್) ಹಾಕಿಕೊಂಡು ಹೋಗಿ. ಮೊದಲು ಕೇಸ್ ಬಿಚ್ಚಿಸಿ, ಟಾರ್ಚ್ ಬಿಟ್ಟು ನೋಡಿ. ಸ್ಕ್ರೂ ತಲೆಗೆ, ಹಿಂಬದಿಯ ತಗಡಿಗೆ ತುಕ್ಕು ಹಿಡಿದಿದ್ದರೆ ಯಂತ್ರ ಥಂಡಿಯಲ್ಲಿ ಬಿದ್ದಿತ್ತು ಎಂದರ್ಥ. ಮದರ್‌ಬೋರ್ಡ್‌ನಲ್ಲಿ ಹಸಿರು ಪುಡಿ, ನೆತ್ತಿ ಉಬ್ಬಿದ ಕೆಪಾಸಿಟರ್ ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆದರೆ ಹಲ್ಲಿ ಹಿಕ್ಕೆ, ಇರುವೆ ಗೂಡು ಇದ್ದರೆ ಗಾಬರಿಯಾಗಬೇಡಿ, ಅದು ಸಾಮಾನ್ಯವಾಗಿ ಸ್ವಚ್ಛ ಮಾಡಿದರೆ ಹೋಗುವಂಥದ್ದು.

ಆಮೇಲೆ ಆನ್ ಮಾಡಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೋವೋದಲ್ಲಿ ಎಫ್1. ತಾರೀಕು ತಪ್ಪಿದ್ದರೆ ಸಿಆರ್2032 ಬ್ಯಾಟರಿ ಮುಗಿದಿದೆ, ಚಿಲ್ಲರೆ ಖರ್ಚು. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರೇ ತೆಗೆದುಕೊಡುವವರೆಗೆ ದುಡ್ಡು ಕೊಡಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಾರ್ಡ್‌ಡಿಸ್ಕ್ ಆದರೆ 05 ಮತ್ತು ಸಿ5 ಸಾಲುಗಳ (ಡಿಸ್ಕ್‌ನ ಕೆಟ್ಟ ಜಾಗಗಳ ಲೆಕ್ಕ) ಕೊನೆಯ ಅಂಕಣ ಸೊನ್ನೆ ಇರಬೇಕು. ಎಸ್‌ಎಸ್‌ಡಿ ಆದರೆ ಆರೋಗ್ಯದ ಶೇಕಡಾವಾರು ನೋಡಿ.

ಲೇಟೆನ್ಸಿಮಾನ್ ಹತ್ತು ನಿಮಿಷ ಓಡಲಿ. ಪಟ್ಟಿ ಕೆಂಪಾದರೆ ರೆಕಾರ್ಡಿಂಗ್‌ನಲ್ಲಿ ಟಿಕ್ ಟಿಕ್ ಶಬ್ದ ಬರಬಹುದು. ಎಷ್ಟೋ ಸಲ ಕಾರಣ ವೈಫೈ ಡ್ರೈವರ್. ವೈಫೈ ಆಫ್ ಮಾಡಿ ಮತ್ತೆ ನೋಡಿ. ಇಂಟರ್‌ಫೇಸ್ ಅನ್ನು ಹಿಂಬದಿಯ ಪೋರ್ಟ್‌ಗೇ ಹಾಕಿ, ಹಬ್ ಬೇಡ. ಅದರ ಕಂಪನಿಯ ಆಸಿಯೋ ಡ್ರೈವರ್ (ಧ್ವನಿ ತಡವಾಗದಂತೆ ನೋಡಿಕೊಳ್ಳುವ ತಂತ್ರಾಂಶ) ಹಾಕಿಕೊಂಡು, ಹಾಡುವಾಗ ಬಫರ್ (ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕು) 128 ಸ್ಯಾಂಪಲ್, ಮಿಕ್ಸಿಂಗ್‌ಗೆ 512 ಅಥವಾ 1024 ಇಡಿ.

ಪುಟ್ಟ ಡಬ್ಬಿಯ ಮಾದರಿಗಿಂತ ಟವರ್ ಒಳ್ಳೆಯದು. ಚಿಕ್ಕ ಫ್ಯಾನ್ ಬಿಸಿಯಾದಾಗ ಕಿರಿಚುತ್ತದೆ, ಮೈಕ್ ಅದನ್ನು ಬಿಡುವುದಿಲ್ಲ. ಇನ್ನೊಂದು ವಿಷಯ: ಡೆಲ್, ಎಚ್‌ಪಿ ಆಫೀಸ್ ಯಂತ್ರಗಳ ಪವರ್ ಸಪ್ಲೈ ಸಾಮಾನ್ಯವಾಗಿ ಅವರದೇ ಅಳತೆ, ಅವರದೇ ಕನೆಕ್ಟರ್. ಸುಟ್ಟರೆ ಪೇಟೆಯ ಯಾವುದೋ ಎಸ್‌ಎಂಪಿಎಸ್ ಕೂರುವುದಿಲ್ಲ.

ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಮೀಟರ್ ಹಿಡಿಯಲು ಬರುವ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ: ಫೇಸ್‌ನಿಂದ ಅರ್ಥ್‌ಗೆ ಸುಮಾರು 230 ವೋಲ್ಟ್, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕೇಸ್‌ಗೆ ಅರ್ಧ ವೋಲ್ಟೇಜ್ ಹತ್ತಿ ಕೂರುತ್ತದೆ. ಮುಟ್ಟಿದರೆ ಜುಮ್ಮೆನ್ನುವುದು, ಹೆಡ್‌ಫೋನ್‌ನಲ್ಲಿ ಗುಂಯ್ ಎನ್ನುವುದು ಎರಡಕ್ಕೂ ಅದೇ ಮೂಲ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಇದ್ದರೆ ಬಿಸಾಡಿ. ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಿದರೂ ಗುಂಯ್ ಬರುತ್ತದೆ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟಕ್ಕೆ ಯುಪಿಎಸ್ ಇದ್ದರೆ ಸಾಕು. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ ಕೂಡ ಕಿತ್ತಿಡಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇರಲಿ ಬಿಡಲಿ, ದಿನಕ್ಕೊಂದು ಗಂಟೆ ಯಂತ್ರ ಓಡಲಿ. ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಆಫ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ. ಕಂಡೆನ್ಸರ್ ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲೇ ತರುವುದಾದರೆ, ಮನೆಗೆ ಬಂದ ಮೇಲೆ ಎರಡು ಮೂರು ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ. ಬಸ್ಸಿನಲ್ಲಿ ತರುವಾಗ ಡಿಕ್ಕಿಗೆ ಹಾಕಬೇಡಿ, ತೊಡೆ ಮೇಲಿರಲಿ.