ಕೆಂಪು ಬಣ್ಣ ಬಂದ ಮಾತ್ರಕ್ಕೆ ಅದು ಮೂಳೆ ಅಲ್ಲ

ಮೈಸೂರಿನಲ್ಲಿ ಎಂಎಸ್ಸಿ, ಆರು ತಿಂಗಳ ಪ್ರಾಜೆಕ್ಟ್, ಬೇರೆ ಬಗೆಯ ಸೆಲ್ ಆಗಬಲ್ಲ ಸ್ಟೆಮ್ ಸೆಲ್‌ನಿಂದ ಮೂಳೆ ಬೆಳೆಸಬೇಕು, ಸ್ಕ್ಯಾಫೋಲ್ಡ್ (ಸೆಲ್‌ಗಳು ಅಂಟಿಕೊಂಡು ಬೆಳೆಯುವ ಚೌಕಟ್ಟು) ಹೈಡ್ರಾಕ್ಸಿಅಪಟೈಟ್ ಅನ್ನುವ ಖನಿಜದ್ದಾ, ಕೊಲ್ಯಾಜನ್ ಅನ್ನುವ ಎಳೆಯಂಥ ಪ್ರೋಟೀನ್‌ದಾ ಅಂತ ಕೇಳಿದ್ದೀರಿ. ಪಿಎಚ್‌ಡಿ ಶುರುವಾದಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸೀನಿಯರ್‌ಗಳ ಹಿಂದೆ ಓಡಾಡಿದ್ದೆ. ಕೊನೆಗೆ ಹೈಡ್ರಾಕ್ಸಿಅಪಟೈಟ್ ಆರಿಸಿಕೊಂಡೆ. ಮೂಳೆಯ ಖನಿಜ ಹೆಚ್ಚುಕಡಿಮೆ ಅದೇ ಅಲ್ವಾ, ಅದಕ್ಕಿಂತ ಒಳ್ಳೆಯದು ಏನಿರುತ್ತದೆ ಅಂದುಕೊಂಡೆ.

ಇಲಿಯ ಮಜ್ಜೆಯಿಂದ ಸೆಲ್ ತೆಗೆದು, ಬೆಳೆಸಿ, ಹೈಡ್ರಾಕ್ಸಿಅಪಟೈಟ್‌ನ ಬಿಳಿ ಡಿಸ್ಕ್‌ಗಳ ಮೇಲೆ ಬಿಟ್ಟೆ. ಮೀಡಿಯಾಗೆ, ಅಂದರೆ ಸೆಲ್‌ಗಳು ಬೆಳೆಯುವ ದ್ರವಕ್ಕೆ, ಎಲ್ಲರೂ ಹಾಕುವ ಮೂರನ್ನೇ ಹಾಕಿದೆ. ಡೆಕ್ಸಾಮೆಥಾಸೋನ್ ಸೆಲ್‌ಗಳನ್ನು ಮೂಳೆಯ ದಾರಿಗೆ ತಳ್ಳುತ್ತದೆ. ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಇಲ್ಲದಿದ್ದರೆ ಗಟ್ಟಿ ಕೊಲ್ಯಾಜನ್ ಎಳೆ ತಯಾರಾಗಲ್ಲ. ಬೀಟಾ ಗ್ಲಿಸರೋಫಾಸ್ಫೇಟ್‌ನಿಂದ ಫಾಸ್ಫೇಟ್ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮೀಡಿಯಾ ಬದಲಿಸಬೇಕು, ಹಬ್ಬ ಹರಿದಿನ ಅಂತಿಲ್ಲ. ನಮ್ಮ ಮನೆ ಮಂಡ್ಯದಲ್ಲಿ. ಜಂಬೂ ಸವಾರಿ ನೋಡಲು ಹೊರಟ ಜನರ ಮಧ್ಯೆ ನಿಂತುಕೊಂಡು, ಅದೇ ಟ್ರೈನ್‌ನಲ್ಲಿ ಲ್ಯಾಬ್‌ಗೆ ಹೋಗಿ ಮೀಡಿಯಾ ಬದಲಿಸಿ ಬಂದಿದ್ದೇನೆ.

ಮೂರನೇ ವಾರ, ಮೂಳೆಯ ಖನಿಜ ಕೂತಿದೆಯಾ ಅಂತ ನೋಡುವ ಬಣ್ಣ ಅಲಿಜರಿನ್ ರೆಡ್ ಹಾಕಿದೆ. ಡಿಸ್ಕ್‌ಗಳು ಕಡುಗೆಂಪಾದವು. ಗೈಡ್ ಖುಷಿಪಟ್ಟರು. ನಾನು ಫೋಟೋ ತೆಗೆದು ಅಮ್ಮನಿಗೂ ತೋರಿಸಿದೆ, ಮೂಳೆ ಬೆಳೆಸಿದ್ದೀನಿ ನೋಡು ಅಂತ. ಮುಂದಿನ ಬ್ಯಾಚ್‌ಗಳೂ ಹಾಗೇ ಬಂದವು.

ಆಮೇಲೆ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ, ಅಂದರೆ ಜೂನಿಯರ್ ಫೆಲೋಶಿಪ್‌ನಿಂದ ಸೀನಿಯರ್‌ಗೆ, ಏರಿಸುವ ಮೀಟಿಂಗ್. ಹೊರಗಿನಿಂದ ಬಂದಿದ್ದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಸೆಲ್ ಹಾಕದ ಡಿಸ್ಕ್ ಎಲ್ಲಿದೆ?" ನನ್ನ ಹತ್ತಿರ ಇರಲಿಲ್ಲ. ಅವತ್ತೇ ಸಂಜೆ ಲ್ಯಾಬ್‌ಗೆ ವಾಪಸ್ ಹೋಗಿ, ಡಬ್ಬಿಯಿಂದ ಹೊಸ ಡಿಸ್ಕ್ ತೆಗೆದು ಬಣ್ಣ ಹಾಕಿದೆ. ಅದೂ ಅಷ್ಟೇ ಕೆಂಪು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಬೀಳಬಹುದು. ಅಲಿಜರಿನ್ ರೆಡ್ ಹಿಡಿಯುವುದು ಕ್ಯಾಲ್ಸಿಯಂ ಅನ್ನು. ಆ ಕ್ಯಾಲ್ಸಿಯಂ ಯಾರು ತಂದಿಟ್ಟರು ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಹೈಡ್ರಾಕ್ಸಿಅಪಟೈಟ್ ಅಂದರೇನೇ ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಮಂಡ್ಯದ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದಕ್ಕೆ ಹಾಕಿದರೂ ಕೆಂಪು ಬರುತ್ತದೆ. ಆದರೆ ನನ್ನ ನಿಜವಾದ ತಪ್ಪು ಇದಕ್ಕಿಂತ ಒಂದು ಹೆಜ್ಜೆ ಹಿಂದೆ ಇತ್ತು. ಮೂಳೆಗೆ ತಳ್ಳುವ ಆ ಮೂರೂ ಇಲ್ಲದ ಸಾದಾ ಮೀಡಿಯಾದಲ್ಲಿ ಸೆಲ್ ಹಾಕಿದ ಕೆಲವು ಡಿಸ್ಕ್ ಇಟ್ಟಿದ್ದೆ. ಅವೂ ಕೆಂಪಾಗಿದ್ದವು. ಅನುಮಾನ ಬರಬೇಕಾದ ಜಾಗ ಅದು. ನಾನು ಮಾತ್ರ "ಸ್ಕ್ಯಾಫೋಲ್ಡ್ ಎಷ್ಟು ಚೆನ್ನಾಗಿದೆ ಅಂದರೆ ಸಾದಾ ಮೀಡಿಯಾದಲ್ಲೂ ಮೂಳೆ ಬರುತ್ತದೆ" ಅಂತ ಸ್ಲೈಡ್ ಮಾಡಿದ್ದೆ. ಎಚ್ಚರಿಕೆ ಕಣ್ಣೆದುರೇ ಇತ್ತು, ಅದನ್ನೇ ಫಲಿತಾಂಶ ಅಂತ ಓದಿಕೊಂಡೆ. ಎಸ್‌ಆರ್‌ಎಫ್ ಸಿಗುವುದು ತಡವಾಯಿತು, ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಯಾವ ಸ್ಕ್ಯಾಫೋಲ್ಡ್ ಅನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ನಿಮ್ಮ ಸೆಲ್‌ಗಳು ಮೂಳೆಯ ಕಡೆ ಹೋಗುತ್ತಿವೆಯಾ ಅಂತ ಮೊದಲು ಪ್ಲಾಸ್ಟಿಕ್ ಪ್ಲೇಟ್‌ನಲ್ಲಿ ತೋರಿಸಿ. ಅಲ್ಲೂ ಬರೀ ಕೆಂಪನ್ನು ನಂಬಬೇಡಿ. ಗ್ಲಿಸರೋಫಾಸ್ಫೇಟ್ ಜಾಸ್ತಿಯಾಗಿ ಸೆಲ್‌ಗಳು ಸತ್ತರೆ, ಸತ್ತ ಜಾಗದಲ್ಲೂ ಕ್ಯಾಲ್ಸಿಯಂ ಫಾಸ್ಫೇಟ್ ಸುಮ್ನೆ ಕೂರುತ್ತದೆ. ಮೊದಲ ಎರಡು ವಾರದಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಮೂಳೆಯ ದಾರಿ ಹಿಡಿದ ಸೆಲ್‌ಗಳಲ್ಲಿ ಹೆಚ್ಚುವ ಎಂಜೈಮ್) ಏರುತ್ತದಾ, ಆಮೇಲೆ ಆಸ್ಟಿಯೋಕ್ಯಾಲ್ಸಿನ್ (ಬಲಿತ ಮೂಳೆ ಸೆಲ್‌ಗಳ ಪ್ರೋಟೀನ್) ಬರುತ್ತದಾ ನೋಡಿ. ಜೊತೆಗೆ ಸೆಲ್‌ಗಳು ಬದುಕಿವೆಯಾ ಅನ್ನುವ ಪರೀಕ್ಷೆಯೂ ಇರಲಿ. ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ಕೆಂಪಿಗೆ ಬೆಲೆ ಬರುತ್ತದೆ. ಹೋಲಿಸಲು ಸಾವೋಸ್-2 ಸೆಲ್ ಇಟ್ಟುಕೊಳ್ಳಬಹುದು. ಅದು ಮೂಳೆ ಕ್ಯಾನ್ಸರ್‌ನ ಸೆಲ್, ಸ್ಟೆಮ್ ಸೆಲ್ ಅಲ್ಲ, ಆದರೆ ಖನಿಜವನ್ನು ಚೆನ್ನಾಗಿ ಕಟ್ಟುತ್ತದೆ. ಮನುಷ್ಯರ ಮಜ್ಜೆ ಬೇಕು ಅಂದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಸಂಸ್ಥೆಯ ಸ್ಟೆಮ್ ಸೆಲ್ ಸಮಿತಿಯ ಒಪ್ಪಿಗೆ ಬೇಕು. ಆರು ತಿಂಗಳಲ್ಲಿ ಅದಕ್ಕೇ ಎಷ್ಟು ಸಮಯ ಹೋಗಬಹುದು, ಲೆಕ್ಕ ಹಾಕಿ.

"ಸ್ಕ್ಯಾಫೋಲ್ಡ್ ಇಲ್ಲದೆ ಹೊಸತನ ಏನಿದೆ" ಅಂತ ಯಾರಾದರೂ ಹೇಳುತ್ತಾರೆ. ನಾನು ಒಪ್ಪಲ್ಲ. ಮೂಳೆ ಕಟ್ಟಿಸುವ ಗುಟ್ಟು ಬರೀ ಖನಿಜದಲ್ಲಿಲ್ಲ. 1965ರಲ್ಲಿ ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯೂರಿಸ್ಟ್ ಮೂಳೆಯ ಕ್ಯಾಲ್ಸಿಯಂ ಅನ್ನು ಆಸಿಡ್‌ನಿಂದ ತೆಗೆದು, ಉಳಿದದ್ದನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರು. ಅಲ್ಲಿ ಹೊಸ ಮೂಳೆ ಹುಟ್ಟಿತು. ಮೂಳೆ ಕಟ್ಟಿಸುವ ಗುಣ ಕ್ಯಾಲ್ಸಿಯಂ ತೆಗೆದ ಮೇಲೂ ಉಳಿದಿತ್ತು. ಅದು ಪ್ರೋಟೀನ್‌ಗಳಲ್ಲಿತ್ತು, ಈಗ ಅವನ್ನು ಬಿಎಂಪಿ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್) ಅನ್ನುತ್ತಾರೆ. ನನಗೆ ಇದನ್ನು ಮೊದಲೇ ಯಾರಾದರೂ ಓದಿಸಿದ್ದರೆ ಕೆಂಪಿನ ಹಿಂದೆ ಹೋಗುತ್ತಿರಲಿಲ್ಲ.

ದಪ್ಪ ತುಂಡು ಬೆಳೆಸುವ ಆಸೆಯನ್ನೂ ಈ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಬೇಡಿ. ದೇಹದಲ್ಲಿ ಬಹುತೇಕ ಸೆಲ್‌ಗಳು ರಕ್ತನಾಳದಿಂದ ಸುಮಾರು 200 ಮೈಕ್ರೋಮೀಟರ್ ಒಳಗೇ ಇರುತ್ತವೆ. ಪ್ಲೇಟ್‌ನಲ್ಲಿ ರಕ್ತನಾಳವೇ ಇಲ್ಲ. ಹೊರಗೆ ಚೆನ್ನಾಗಿ ಕಾಣುವ ಡಿಸ್ಕ್‌ನ ನಡುವೆ ಸೆಲ್‌ಗಳು ಸತ್ತಿರುತ್ತವೆ.

ಗೈಡ್ ಸ್ಕ್ಯಾಫೋಲ್ಡ್ ಬೇಕೇ ಬೇಕು ಅಂದರೆ ಕೊಲ್ಯಾಜನ್ ತಗೊಳ್ಳಿ. ಅದರೊಳಗೆ ಮೊದಲಿನಿಂದ ಕ್ಯಾಲ್ಸಿಯಂ ತುಂಬಿರಲ್ಲ. ಆದರೆ ಅದೂ ಮೀಡಿಯಾದಿಂದ ಖನಿಜ ಎಳೆದುಕೊಳ್ಳಬಹುದು. ಹಾಗಾಗಿ ಸೆಲ್ ಇಲ್ಲದ ತುಂಡುಗಳನ್ನೂ ಅದೇ ಮೀಡಿಯಾದಲ್ಲಿ ಅಷ್ಟೇ ದಿನ ಇಟ್ಟು, ಉಳಿದವುಗಳ ಜೊತೆಗೇ ಬಣ್ಣ ಹಾಕಿ.