ಗೋವಾದ ಮಾಂಡವಿ ನೀರು ತಿಳಿಯಾಗಿ ಕಂಡರೂ ಅಳಿವೆಯ (ನದಿ ಕಡಲು ಸೇರುವ ಜಾಗದ) ಕೆಸರಿನಲ್ಲಿ ಭಾರಲೋಹ ಹೇಗೆ ಸೇರುತ್ತದೆ?

ಲೋಹ ಬರುವುದು ಹೆಚ್ಚಾಗಿ ನೀರಿನಲ್ಲಿ ಕರಗಿ ಅಲ್ಲ, ನುಣ್ಣನೆ ಮಣ್ಣಿಗೆ ಅಂಟಿಕೊಂಡು. ಹಾಗಾಗಿ ಸುಮ್ನೆ ನೀರಿನ ಸ್ಯಾಂಪಲ್ ನೋಡಿದರೆ ಸಾಲದು.

ನಾವು ಕರ್ನಾಟಕದವರು ಮಹದಾಯಿ ಅನ್ನುವ ನದಿಯೇ ಇಲ್ಲಿ ಮಾಂಡವಿ. ಇದರ ಆಚೀಚೆ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. 2012ರಲ್ಲಿ ಗಣಿಗಳು ಕೆಲಕಾಲ ನಿಂತವು, ಆದರೆ ರಾಶಿ ಹಾಕಿದ ಮಣ್ಣು ಅಲ್ಲೇ ಉಳಿಯಿತು. ಮಳೆ ಅದನ್ನು ಹೊಳೆಗೆ ತೊಳೆದು ತರುತ್ತದೆ. ಆ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡ್‌ಗಳು ದಾರಿಯಲ್ಲಿ ಸಿಕ್ಕ ಸೀಸ, ತಾಮ್ರ, ಸತುವನ್ನೂ ಹಿಡಿದುಕೊಳ್ಳುತ್ತವೆ.

ಮುಖ್ಯ ಸಂಗತಿ ನಡೆಯುವುದು ಅಳಿವೆಯಲ್ಲಿ. ಉಪ್ಪುನೀರು ತಾಗಿದ ಕೂಡಲೇ ತೇಲುತ್ತಿದ್ದ ಕಣಗಳು ಒಡೆದ ಹಾಲಿನ ಹಾಗೆ ಗಂಟುಗಟ್ಟಿ ತಳಕ್ಕಿಳಿಯುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಜಾಸ್ತಿ ನಿಲ್ಲುತ್ತವೆ. ಇಳಿತದ ಹೊತ್ತಿಗೆ ಅಲ್ಲಿ ಕಾಲಿಟ್ಟು ನೋಡಿ. ಮೇಲೆ ಕಂದು ಪದರ, ಬೆರಳು ಒತ್ತಿದರೆ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪು ಪದರದಲ್ಲಿ ಆಮ್ಲಜನಕ ಇಲ್ಲ. ಅಲ್ಲಿ ಕಬ್ಬಿಣದ ಆಕ್ಸೈಡ್ ಕರಗುತ್ತದೆ, ಹಿಡಿದಿದ್ದ ಲೋಹ ಬಿಡುಗಡೆಯಾಗುತ್ತದೆ. ಒಂದಷ್ಟು ಗಂಧಕದ ಜೊತೆ ಸೇರಿ ಮತ್ತೆ ಕೂರುತ್ತದೆ. ಹೂಳೆತ್ತುವಾಗ ಕಲಕಿದರೆ ಅದೂ ನೀರಿಗೆ ಬರಬಹುದು.

ನನಗೆ ಚಿಂತೆ ಬಳಚು ಅನ್ನುವ ಚಿಪ್ಪುಜೀವಿಯದು. ವಾಸ್ಕೋದ ಕನ್ನಡದವರ ಮನೆಗಳಲ್ಲೂ ಇದನ್ನು ಇಷ್ಟಪಟ್ಟು ತಿನ್ನುತ್ತಾರೆ, ಅಲ್ವಾ? ಅದು ಕೆಸರಿನಲ್ಲೇ ಕೂತು ನೀರು ಸೋಸಿ ತಿನ್ನುವ ಜೀವಿ, ಲೋಹ ಮೈಯಲ್ಲೇ ಉಳಿಯುತ್ತದೆ. ಬೇಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಅದಕ್ಕೇ ನೀರಿನ ಜೊತೆ ಕೆಸರು, ಬಳಚು ಎರಡನ್ನೂ ಪರೀಕ್ಷೆ ಮಾಡಬೇಕು.