ಭಾಗವತಿಕೆ ಬಿಡದೆ ಆಸ್ಪತ್ರೆಯ ಕೆಲಸಕ್ಕೆ ಸೇರಬಹುದೇ?

ಪಿಯುಸಿ ವಿಜ್ಞಾನ ಮುಗಿದಿದೆ, ಮನೆಯವರು ನರ್ಸಿಂಗ್ ಇಲ್ಲವೇ ಪ್ಯಾರಾಮೆಡಿಕಲ್ ಸೇರು ಎನ್ನುತ್ತಿದ್ದಾರೆ, ಆರು ವರ್ಷದಿಂದ ಕಲಿಯುತ್ತಿರುವ ಯಕ್ಷಗಾನ ಭಾಗವತಿಕೆಯನ್ನು, ಅಂದರೆ ಪದ್ಯ ಹಾಡಿ ಪ್ರದರ್ಶನ ನಡೆಸುವ ಕಲೆಯನ್ನು, ಬಿಡಲು ಮನಸ್ಸಿಲ್ಲ, ಹುಡುಗಿಯೊಬ್ಬಳಿಗೆ ಎರಡೂ ಒಟ್ಟಿಗೆ ಸಾಗುತ್ತವೆಯೇ ಎಂದು ಕೇಳಿದ್ದೀರಿ. ನಾನು ಉಡುಪಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹವ್ಯಾಸಿ ತಂಡವೊಂದರಲ್ಲಿ ಮದ್ದಳೆ ನುಡಿಸುತ್ತೇನೆ. ಎರಡಕ್ಕೂ ಇಪ್ಪತ್ತು ವರ್ಷ ದಾಟಿತು.

ಸಾಗುತ್ತವೆ. ಆದರೆ ಆಸ್ಪತ್ರೆಯ ಕೆಲಸವೆಂದರೆ ಒಂದೇ ಕೆಲಸವಲ್ಲ. ನಿಮ್ಮ ಕಲೆ ದಿನದ ಯಾವ ಹೊತ್ತನ್ನು ಬೇಡುತ್ತದೆ, ಮೈಯ ಯಾವ ಭಾಗವನ್ನು ದುಡಿಸುತ್ತದೆ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಆ ಹೊತ್ತನ್ನೂ ಆ ಭಾಗವನ್ನೂ ಆದಷ್ಟು ಮುಟ್ಟದ ಕೆಲಸವನ್ನು ಹುಡುಕಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನು ಪಿಯುಸಿ ಆದಮೇಲೆ ಲ್ಯಾಬ್ ಕೆಲಸದ ಡಿಪ್ಲೊಮಾವಾದ ಎರಡು ವರ್ಷದ ಡಿಎಂಎಲ್‌ಟಿ ಓದಿದೆ. 2005ರಲ್ಲಿ ಕೈಗೆ ಬಂದ ಮೊದಲ ಸಂಬಳ 4,500 ರೂಪಾಯಿ. ಅದರಲ್ಲಿ ಉಳಿಸಿ ಉಳಿಸಿ ಸ್ವಂತದ್ದೊಂದು ಮದ್ದಳೆ ಮಾಡಿಸಿದೆ. ಕೆಲಸಕ್ಕೆ ಸೇರಿ ಒಂದು ವರ್ಷವಾಗುವ ಹೊತ್ತಿಗೆ ಬೆರಳ ತುದಿಗಳು ಒಡೆಯಲು ಶುರುವಾದವು. ದಿನಕ್ಕೆ ನಲವತ್ತು, ಐವತ್ತು ಸಲ ಕೈ ತೊಳೆಯಬೇಕು, ಸ್ಪಿರಿಟ್ ಹಚ್ಚಬೇಕು, ಕೈಗವಸು ಹಾಕಿ ತೆಗೆಯಬೇಕು. ಚರ್ಮ ಒಣಗಿ ಬಿರಿಯುತ್ತದೆ. ಆ ಬೆರಳಿನಿಂದ ಮದ್ದಳೆಯ ಕರ್ಣೆಯ, ಅಂದರೆ ನಡುವಿನ ಕಪ್ಪು ಲೇಪದ, ಅಂಚಿಗೆ ಪೆಟ್ಟು ಕೊಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ನಾದವೂ ಬಿಗಿಯಾಗಿ ಏಳುವುದಿಲ್ಲ, ಏಕೆಂದರೆ ಕೈ ತನಗೆ ಅರಿವಿಲ್ಲದೆಯೇ ನೋವಿಗೆ ಹೆದರಿ ಹಿಂದೆಗೆಯುತ್ತದೆ. ರಾತ್ರಿ ಮಲಗುವಾಗ ಬೆರಳಿಗೆಲ್ಲ ತೆಂಗಿನೆಣ್ಣೆ ಸವರಿ ಹಳೆಯ ಹತ್ತಿಯ ಕಾಲುಚೀಲದಲ್ಲಿ ಕೈ ತೂರಿಸಿ ಮಲಗುವುದು ಅಂದಿನಿಂದ ರೂಢಿ. ನಿಮ್ಮದು ಕಂಠ. ಒಡೆಯುವುದು ಬೆರಳಲ್ಲ, ದನಿ.

ಆದ್ದರಿಂದ ನರ್ಸಿಂಗ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷ. ಓದಿದವರಿಗೆ ಊರಲ್ಲೂ ಕೆಲಸವಿದೆ, ಹೊರದೇಶದಲ್ಲೂ ಇದೆ. ಮನೆಯವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ವಾರ್ಡಿನಲ್ಲಿ ಪಾಳಿಯುದ್ದಕ್ಕೂ ಮಾತು ನಿಲ್ಲುವುದಿಲ್ಲ. ರೋಗಿಯೊಂದಿಗೆ, ಅವರ ಮನೆಯವರೊಂದಿಗೆ, ಡಾಕ್ಟರೊಂದಿಗೆ, ಎಷ್ಟೋ ಸಲ ಮಾಸ್ಕ್ ಹಾಕಿಕೊಂಡು ಎತ್ತರದ ದನಿಯಲ್ಲಿ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ನೈಟ್ ಎಂದು ಸುತ್ತು ಬರುತ್ತಿರುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ನೈಟ್ ಎಂದರೆ ಹನ್ನೆರಡು ಗಂಟೆ. ಸಾಲಾಗಿ ನೈಟ್ ಮಾಡಿದ ವಾರದಲ್ಲಿ ಮೇಲಿನ ಶ್ರುತಿಗೆ ಹೋಗಲು ಗಂಟಲು ಒಪ್ಪುವುದಿಲ್ಲವೆಂದು ನಮ್ಮ ತಂಡದಲ್ಲಿ ಹಾಡುವ ಸ್ಟಾಫ್ ನರ್ಸ್ ಒಬ್ಬರು ಹೇಳುತ್ತಾರೆ. ಅವರು ಆ ವಾರ ಪದ್ಯ ಹಾಡುವುದಿಲ್ಲ, ಜಾಗಟೆ ಹಿಡಿದು ತಾಳ ಮಾತ್ರ ಅಭ್ಯಾಸ ಮಾಡುತ್ತಾರೆ. ಝಂಪೆಯ ಹತ್ತು ಅಕ್ಷರ, ತ್ರಿವುಡೆಯ ಏಳು ಅಕ್ಷರ ಕೈಯಲ್ಲಿ ಕೂರಲು ಕಂಠ ಬೇಕಾಗಿಲ್ಲವಲ್ಲ. ಹತ್ತು ವರ್ಷದಿಂದ ಹೀಗೆಯೇ ನಡೆಸಿಕೊಂಡು ಬಂದಿದ್ದಾರೆ, ಚೆನ್ನಾಗಿಯೇ ಹಾಡುತ್ತಾರೆ. ಆಗದ ಕೆಲಸವೇನಲ್ಲ. ಆದರೆ ಅದರ ಹಿಂದೆ ಅವರ ಹಟವೂ, ಪಾಳಿ ಅದಲುಬದಲು ಮಾಡಿಕೊಡುವ ಸಹೋದ್ಯೋಗಿಗಳೂ ಇದ್ದಾರೆ.

ಲ್ಯಾಬ್‌ನಲ್ಲಿ ಮಾತು ಕಡಿಮೆ. ರಕ್ತ ತೆಗೆಯುವಾಗ ನಾಲ್ಕು ಮಾತು, ಆಮೇಲೆ ಯಂತ್ರ, ಸೂಕ್ಷ್ಮದರ್ಶಕ, ರಿಪೋರ್ಟ್. ಎಕ್ಸ್‌ರೇ ವಿಭಾಗವೂ ಹೆಚ್ಚುಕಡಿಮೆ ಹಾಗೆಯೇ. ಈಗ ನಮ್ಮಲ್ಲಿಗೆ ಬರುವ ಮಕ್ಕಳು ಹೆಚ್ಚಾಗಿ ಬಿ.ಎಸ್‌ಸಿ. ಓದಿದವರು: ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸಂಬಳ ನರ್ಸಿಂಗ್‌ನಷ್ಟು ಬೇಗ ಏರುವುದಿಲ್ಲ. ನೈಟ್ ಇಲ್ಲಿಯೂ ಇದೆ. ಆದರೆ ಪಾಳಿ ಮುಗಿದು ಮುಂದಿನವರಿಗೆ ಸ್ಯಾಂಪಲ್ ಒಪ್ಪಿಸಿದರೆ ಕೆಲಸ ಅಲ್ಲಿಗೆ ಮುಗಿಯಿತು, ತಲೆಯಲ್ಲಿ ಹೊತ್ತು ಮನೆಗೆ ತರಬೇಕಾಗಿಲ್ಲ. ನಾನು ಈ ಕೆಲಸದಲ್ಲಿ ಉಳಿದದ್ದಕ್ಕೆ ಇದೇ ದೊಡ್ಡ ಕಾರಣ.

ಒಂದು ಘಟನೆ ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಪಕ್ಕದೂರಿನಲ್ಲಿ ಬೆಳಗಿನವರೆಗಿನ ಯಕ್ಷಗಾನದ ಆಟ. ಮಂಗಳ ಹಾಡಿದಾಗ ಬೆಳಕು ಹರಿದಿತ್ತು. ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತಿ ಗೆಳೆಯನ ಕೈಗಿತ್ತು, ವೇಷ ಕಟ್ಟುವ ಚೌಕಿಯ ಹಿಂದೆಯೇ ಮುಖ ತೊಳೆದು ಏಳು ಗಂಟೆಯ ಡ್ಯೂಟಿಗೆ ಓಡಿದೆ. ಬೆಳಗಿನ ಏಳು ಎಂದರೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬಂದವರ ಸಾಲು. ಒಂದೇ ಹೆಸರಿನ ಇಬ್ಬರು ಹೆಂಗಸರು ಒಬ್ಬರ ಹಿಂದೆ ಒಬ್ಬರು ಕುಳಿತಿದ್ದರು. ಬೂದು ಮುಚ್ಚಳದ ಎರಡು ಟ್ಯೂಬುಗಳಿಗೆ ಚೀಟಿ ಅಂಟಿಸಿದೆ. ನಿದ್ದೆಗಣ್ಣಿನಲ್ಲಿ ಹೆಸರು ನೋಡಿದೆ, ನಂಬರ್ ನೋಡಲಿಲ್ಲ. ಯಂತ್ರದಲ್ಲಿ ಒಂದು 312 ಬಂತು, ಇನ್ನೊಂದು 94. ಆ 312 ಬಿದ್ದದ್ದು ಮರುದಿನ ಆಪರೇಷನ್ ಇದ್ದ, ಸಕ್ಕರೆ ಕಾಯಿಲೆಯೇ ಇಲ್ಲದ ಹೆಂಗಸಿನ ಹೆಸರಿಗೆ. ನಮ್ಮ ಹಿರಿಯ ಟೆಕ್ನಿಷಿಯನ್ ಹಳೆಯ ರಿಪೋರ್ಟ್ ತೆಗೆದು ನೋಡಿ ಅನುಮಾನಪಟ್ಟು ಮತ್ತೆ ರಕ್ತ ತೆಗೆಸಿದರು. ಅವರು ನೋಡದೇ ಇದ್ದಿದ್ದರೆ ಬೇಡದ ಇನ್ಸುಲಿನ್ ಒಬ್ಬರ ಮೈಗೆ ಹೋಗುತ್ತಿತ್ತು. ಇನ್ನೊಬ್ಬರು ಎಲ್ಲ ಸರಿಯಿದೆ ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅಂದಿನಿಂದ ಇಡೀ ರಾತ್ರಿಯ ಆಟಕ್ಕೆ ಒಪ್ಪಬೇಕಾದರೆ ಮರುದಿನದ ರಜೆ ಮೊದಲು ಕೈಯಲ್ಲಿರಬೇಕು. ರಜೆ ಸಿಗದಿದ್ದರೆ ಆಟ ಬಿಡುತ್ತೇನೆ, ಎಷ್ಟೇ ಒಳ್ಳೆಯ ಪ್ರಸಂಗವಿರಲಿ, ಯಾರೇ ಭಾಗವತರಿರಲಿ. ಈಗ ಅನೇಕ ಕಡೆ ಆಟಗಳು ಕಾಲಮಿತಿಯವಾಗಿವೆ, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಇಡೀ ರಾತ್ರಿಯ ಆಟದ ಸುಖ ಹೋಯಿತೆಂಬ ಬೇಸರ ನನಗೂ ಇದೆ. ಆದರೆ ನಮ್ಮಂಥ ದುಡಿಯುವ ಹವ್ಯಾಸಿಗಳು ಉಳಿದುಕೊಂಡದ್ದು ಅದರಿಂದಲೇ.

ಕಳೆದುಕೊಳ್ಳುವುದೇನು ಎಂದೂ ನಿಮಗೆ ತಿಳಿದಿರಬೇಕು. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ವೃತ್ತಿಪರ ಮೇಳವೊಂದರಿಂದ ಕರೆ ಬಂದಿತ್ತು. ಮೇಳವೆಂದರೆ ದೀಪಾವಳಿ ಕಳೆದ ಮೇಲೆ ಹೊರಟು ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ಪ್ರತಿರಾತ್ರಿ ಒಂದೊಂದು ಊರು. ಅಪ್ಪನಿಗೆ ಆಗ ಕೆಲಸ ಮಾಡುವ ಶಕ್ತಿ ಉಳಿದಿರಲಿಲ್ಲ, ತಂಗಿಯ ಮದುವೆಯಾಗಿರಲಿಲ್ಲ. ನಾನು ಹೋಗಲಿಲ್ಲ. ನನ್ನೊಂದಿಗೇ ಕಲಿತ ಗೆಳೆಯ ಹೋದ. ಒಂದು ತಿರುಗಾಟದಲ್ಲಿ ನೂರೈವತ್ತಕ್ಕೂ ಹೆಚ್ಚು ರಾತ್ರಿ ನುಡಿಸಿದ ಅವನ ಕೈಗೂ, ತಿಂಗಳಿಗೆ ಮೂರೋ ನಾಲ್ಕೋ ಸಲ ನುಡಿಸುವ ನನ್ನ ಕೈಗೂ ಇರುವ ಅಂತರ ಐದು ವರ್ಷಗಳಲ್ಲಿ ಯಾರ ಕಿವಿಗಾದರೂ ಕೇಳಿಸುವಂತಾಯಿತು. ಭಾಗವತರು ಬಿರುಸಿನ ಏರುಪದ್ಯಕ್ಕೆ ಹೋಗುವ ಮೊದಲೇ ಅವನ ಕೈಗೆ ಅದು ತಿಳಿದಿರುತ್ತದೆ. ನನ್ನ ಕೈಗೆ ಆ ಅರಿವು ಇನ್ನು ಬರುವುದಿಲ್ಲ. ಈ ನೋವು ಇದೆ, ಹೋಗುವುದಿಲ್ಲ. ಅದರ ಪಕ್ಕದಲ್ಲೇ ಇನ್ನೊಂದೂ ಇದೆ: ಇಷ್ಟು ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಮನಸ್ಸಿಲ್ಲದ ಕಡೆ ನಾನು ಒಂದು ದಿನವೂ ಮದ್ದಳೆಗೆ ಕೈ ಹಾಕಿಲ್ಲ.

ಹವ್ಯಾಸಿ ಎಂದರೆ ಎರಡನೆಯ ದರ್ಜೆ ಎಂದೇನೂ ಅಲ್ಲ. ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ತಾಳಮದ್ದಳೆಯ ಕೂಟಗಳಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರಲ್ಲಿ ಶಿಕ್ಷಕರು, ವಕೀಲರು, ಬ್ಯಾಂಕಿನವರು ಎಷ್ಟೋ ಮಂದಿ. ಡಾ. ಎಂ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಲೇ ಹೆಸರಾಂತ ಅರ್ಥಧಾರಿಯಾದವರು. ಹುಡುಗಿಯೆಂಬ ಅಳುಕಿದ್ದರೆ ಲೀಲಾವತಿ ಬೈಪಾಡಿತ್ತಾಯರನ್ನು ನೆನೆದುಕೊಳ್ಳಿ. ಹೆಂಗಸರು ಮೇಳದಲ್ಲಿ ಹಾಡುವುದನ್ನು ಯಾರೂ ಊಹಿಸದ ಕಾಲದಲ್ಲಿ ತಿರುಗಾಟ ಮಾಡಿದವರು ಅವರು. ಚೆಂಡೆ ಮದ್ದಳೆಯಲ್ಲಿ ಪರಿಣತರಾಗಿದ್ದ ಪತಿ ಜೊತೆಗಿದ್ದರು. ಆ ಆಸರೆ ಸಣ್ಣದಲ್ಲ. ನಿಮ್ಮ ಆಸರೆ ಯಾರು ಎಂಬುದನ್ನೂ ಈಗಲೇ ಯೋಚಿಸಿ.

ಆಸ್ಪತ್ರೆ ನನಗೆ ಬರೀ ಸಂಬಳದ ಜಾಗ, ಜೀವ ಇರುವುದು ಭಾಗವತಿಕೆಯಲ್ಲಿ ಎಂದು ಈಗಲೇ ಅನ್ನಿಸುತ್ತಿದ್ದರೆ ದಯವಿಟ್ಟು ಈ ಕಡೆ ಬರಬೇಡಿ. ಬ್ಯಾಂಕ್ ಪರೀಕ್ಷೆ ಬರೆಯಿರಿ, ಬೇರೆ ಕಚೇರಿಯ ಕೆಲಸ ನೋಡಿ. ಅಲ್ಲಿ ಮನಸ್ಸು ಎಲ್ಲೋ ಇದ್ದು ತಪ್ಪಾದರೆ ಬಹಳಷ್ಟನ್ನು ತಿದ್ದಬಹುದು. ನಮ್ಮಲ್ಲಿ ಎದುರು ಕುಳಿತವರು ತೋಳು ಚಾಚಿ ಕಣ್ಣು ಮುಚ್ಚಿಕೊಂಡಿರುತ್ತಾರೆ, ನಮ್ಮನ್ನು ಅಷ್ಟು ನಂಬಿರುತ್ತಾರೆ. ಕೀಮೋ ಪಡೆದವರ ನರ ಸಿಗುವುದು ಕಷ್ಟ. ಎರಡು ಸಲ ಚುಚ್ಚಿದ ಮೇಲೂ "ಪರವಾಗಿಲ್ಲ, ನೋಡಿ" ಎನ್ನುವ ಅಜ್ಜಿಯ ಮುಂದೆ ಕೂತಾಗ ತಲೆಯಲ್ಲಿ ಯಾವ ತಾಳವೂ ಓಡುತ್ತಿರಬಾರದು. ಸೇರುವ ಮೊದಲು ಪರಿಚಯದ ಆಸ್ಪತ್ರೆಯಲ್ಲಿ ಅನುಮತಿ ಕೇಳಿ ಒಂದು ಇಡೀ ದಿನ ಕುಳಿತು ನೋಡಿ. ರಕ್ತ, ವಾಸನೆ, ಅಳು ಎಲ್ಲವನ್ನೂ ನೋಡಿ. ಸಂಜೆ ಮನೆಗೆ ಬಂದಾಗ ಹಾಡಲು ಮನಸ್ಸಾಗುತ್ತದೆಯೇ ಎಂಬುದು ನಿಮಗೆ ಆ ದಿನವೇ ಸ್ವಲ್ಪ ತಿಳಿಯುತ್ತದೆ.

ಸ್ಥಿರ ಕೆಲಸ ಎಂಬ ಮಾತನ್ನೂ ಸ್ವಲ್ಪ ಜಗ್ಗಿ ನೋಡಿ. ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಎಷ್ಟೋ ಹುದ್ದೆಗಳು ಗುತ್ತಿಗೆಯವು. ಕೆಲಸ ಸಿಗುವುದು ಕಷ್ಟವಲ್ಲ, ಕಾಯಂ ಆಗುವುದು ಕಷ್ಟ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಕಟ್ಟಡ ನೋಡಿ ನಂಬಬೇಡಿ, ಕಾಗದ ಕೇಳಿ. ನರ್ಸಿಂಗ್ ಆದರೆ ರಾಜ್ಯದ ನರ್ಸಿಂಗ್ ಕೌನ್ಸಿಲ್, ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಬೋರ್ಡ್, ಬಿ.ಎಸ್‌ಸಿ. ಆದರೆ ವಿಶ್ವವಿದ್ಯಾಲಯ.

ಕಾಲೇಜು ಆರಿಸುವಾಗ ಇನ್ನೊಂದು ಲೆಕ್ಕವನ್ನೂ ಹಾಕಿ: ಅಲ್ಲಿಂದ ನಿಮ್ಮ ಗುರುಗಳ ಮನೆಗೆ ಎಷ್ಟು ದೂರ? ಬೆಂಗಳೂರಿನ ಹಾಸ್ಟೆಲಿನಲ್ಲಿ, ಒಂದು ಕೋಣೆಯಲ್ಲಿ ನಾಲ್ವರ ನಡುವೆ, ಬೆಳಗ್ಗೆ ಐದಕ್ಕೆದ್ದು ಕಂಠ ಬಿಚ್ಚುವುದು ಆಗದ ಮಾತು. ನಾಲ್ಕು ವರ್ಷ ಕಂಠ ಮುಚ್ಚಿಟ್ಟರೆ ಮತ್ತೆ ತೆರೆಯಲು ಇನ್ನೂ ನಾಲ್ಕು ವರ್ಷ ಬೇಕಾಗಬಹುದು. ಉಡುಪಿ, ಮಣಿಪಾಲ, ಮಂಗಳೂರು, ಕುಂದಾಪುರದ ಕಡೆ ಎಲ್ಲಿ ಸೀಟು ಸಿಕ್ಕಿದರೂ ವಾರಕ್ಕೊಮ್ಮೆ ಬಸ್ಸಿನಲ್ಲಿ ಗುರುಗಳಲ್ಲಿಗೆ ಹೋಗಿ ನಾಲ್ಕು ಪದ್ಯ ಒಪ್ಪಿಸಿ ಬರಬಹುದು. ನಿಮ್ಮ ಊರು, ನಿಮ್ಮ ಗುರುಗಳ ಊರು ಎರಡನ್ನೂ ಬರೆದು ತಿಳಿಸಿ. ಆ ಸುತ್ತಿನಲ್ಲಿ ಲ್ಯಾಬ್, ಎಕ್ಸ್‌ರೇ ಕಲಿಸುವ ಕಾಲೇಜುಗಳು ಯಾವುವಿವೆ, ಬಸ್ಸಿನ ಅನುಕೂಲ ಹೇಗಿದೆ ಎಂದು ನಾನೇ ವಿಚಾರಿಸಿ ಹೇಳುತ್ತೇನೆ.